ಹೊಳೆಯ ಅಡ್ಡ, ಹೊಳೆಯ ಉದ್ದ

ಉಕ್ಕಡಗಾತ್ರಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ. ಅಮಾವಾಸ್ಯೆಗೆ ಬರುವ ಭಕ್ತರು ತುಂಗಭದ್ರೆಯಲ್ಲಿ ಮಿಂದು ಗುಡಿಗೆ ಹೋಗುತ್ತಾರೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಸ್ನಾನಘಟ್ಟ ಮುಳುಗುತ್ತದೆ, ಫತ್ತೇಪುರದ ಕಡೆಯ ರಸ್ತೆಯೂ ನೀರಿನಡಿ ಹೋಗುತ್ತದೆ. ಊರು ಹರಿಹರ ತಾಲ್ಲೂಕಿನದು, ದಾವಣಗೆರೆ ಜಿಲ್ಲೆಯದು. ಎದುರು ದಂಡೆ ಹಾವೇರಿ ಜಿಲ್ಲೆ. 1956ರ ಏಕೀಕರಣಕ್ಕೆ ಮೊದಲು ಈ ದಂಡೆ ಮೈಸೂರಿಗೆ ಸೇರಿತ್ತು, ಆ ದಂಡೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯಾಗಿತ್ತು. ಹೀಗಾಗಿ ನಮ್ಮ ಇತಿಹಾಸದ ಬರವಣಿಗೆಯಲ್ಲಿ ಇಲ್ಲಿನ ತುಂಗಭದ್ರೆ ಬಹುಮಟ್ಟಿಗೆ ಒಂದು ಗಡಿ. ಆ ಗಡಿಯನ್ನು ದಿನವೂ ದಾಟಿಸುತ್ತಿದ್ದ ಅಂಬಿಗರ ಇತಿಹಾಸವನ್ನು ನಾವು ಹೇಗೆ ಬರೆಯಬೇಕು ಎಂಬುದು ಈ ಲೇಖನದ ಪ್ರಶ್ನೆ.

ಅಂಬಿಗರ ಹರಿಗೋಲಿನ ಹಳೆಯ ವರ್ಣನೆಗಳಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನದು ಪ್ರಸಿದ್ಧ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದಿದ್ದ ಆತ ಆನೆಗೊಂದಿಯ ಬಳಿ ಬುಟ್ಟಿಯಂತಹ ದುಂಡನೆಯ ದೋಣಿಗಳನ್ನು ಕಂಡ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನ ಕೂರಬಹುದಿತ್ತು. ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರು. ಅವು ನೇರವಾಗಿ ಸಾಗದೆ ಗಿರಗಿರ ತಿರುಗುತ್ತವೆ ಎಂಬುದನ್ನೂ ಆತ ಗಮನಿಸಿದ್ದ. ಇಂದು ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಆಕಾರ ಮಾತ್ರ ಬದಲಾಗಿಲ್ಲ.

ಆಕಾರ ಉಳಿದದ್ದಕ್ಕೆ ಕಾರಣವಿದೆ. ತುಂಗಭದ್ರೆಯ ಪಾತ್ರದಲ್ಲಿ ಬಂಡೆ ಹೆಚ್ಚು. ಬೇಸಿಗೆಯಲ್ಲಿ ನೀರು ತೀರಾ ಕಡಿಮೆ. ತಳ ಚಪ್ಪಟೆಯಾದ, ಹಗುರವಾದ ಹರಿಗೋಲು ಮೊಣಕಾಲುದ್ದದ ನೀರಿನಲ್ಲೂ ತೇಲುತ್ತದೆ. ಬಂಡೆಗೆ ತಗುಲಿದರೆ ಪಕ್ಕಕ್ಕೆ ತಿರುಗಿಕೊಳ್ಳುತ್ತದೆ. ಆದರೆ ಸೆಳೆತದ ಎದುರು ಅದನ್ನು ದೂರ ನಡೆಸುವುದು ಕಷ್ಟ. ಅದು ಮುಖ್ಯವಾಗಿ ಹೊಳೆಯನ್ನು ಅಡ್ಡ ದಾಟಲು ಹುಟ್ಟಿದ ದೋಣಿ. ಅದನ್ನು ನಡೆಸುವವನ ಅರಿವೂ ಹಾಗೆಯೇ. ತನ್ನ ಕಡವಿನ ಮಡು, ಸುಳಿ, ಮುಳುಗಿದ ಬಂಡೆ, ನೀರು ಏರುವ ಸೂಚನೆ, ಇವೆಲ್ಲ ಅವನಿಗೆ ಕರತಲಾಮಲಕ. ಮುಂದಿನ ಊರಿನ ಹೊಳೆ ಮುಂದಿನ ಊರಿನ ಅಂಬಿಗನದು.

ಇದಕ್ಕೆ ಹೋಲಿಸಿ ನೋಡಬಹುದಾದ ಇನ್ನೊಂದು ದೋಣಿ ಕೆನಡಾದ ಕ್ರೀ ಜನರ ಕನೂ. ಉದ್ದನೆಯ, ಎರಡೂ ತುದಿ ಚೂಪಾದ ಈ ದೋಣಿ ಹೊಳೆಯ ಉದ್ದಕ್ಕೂ ಪಯಣಿಸಲು ತಕ್ಕದ್ದು. ಬೇಟೆ, ಮೀನುಗಾರಿಕೆ, ತುಪ್ಪಳದ ವ್ಯಾಪಾರ ಎಲ್ಲಕ್ಕೂ ನದಿಯೇ ದಾರಿ. ಜಲಪಾತ ಬಂದರೆ ದೋಣಿ ಹೊತ್ತು ನಡೆದು ಮತ್ತೆ ನೀರಿಗಿಳಿಸುತ್ತಿದ್ದರು. ಕ್ವಿಬೆಕ್ ಪ್ರಾಂತ್ಯದ ಗ್ರೇಟ್ ವೇಲ್ ನದಿಗೆ ವಿದ್ಯುತ್ ಯೋಜನೆ ಬರುವುದೆಂದಾದಾಗ ಕ್ರೀ ಮತ್ತು ಇನುಯಿಟ್ ಜನ ಸೇರಿ ಅರ್ಧ ಕನೂ, ಅರ್ಧ ಕಯಾಕ್ ಆದ ‘ಒಡೆಯಾಕ್’ ಎಂಬ ದೋಣಿ ಕಟ್ಟಿದರು. ಹಡ್ಸನ್ ನದಿಯಲ್ಲಿ ಅದನ್ನು ನಡೆಸಿಕೊಂಡು 1990ರ ಏಪ್ರಿಲ್ 22ರ ಭೂಮಿ ದಿನಕ್ಕೆ ನ್ಯೂಯಾರ್ಕ್ ತಲುಪಿದರು. ಯೋಜನೆಯ ವಿದ್ಯುತ್ತನ್ನು ಕೊಳ್ಳಬೇಕಿದ್ದ ರಾಜ್ಯ ಅದು. 1994ರಲ್ಲಿ ಯೋಜನೆ ನಿಂತಿತು. ದೋಣಿಯೊಂದೇ ಅದನ್ನು ನಿಲ್ಲಿಸಲಿಲ್ಲ. ಆದರೆ ನದಿ ಯಾರದೆಂಬ ಮಾತನ್ನು ದೂರದವರ ಕಣ್ಣಮುಂದೆ ತಂದು ನಿಲ್ಲಿಸಿತು.

ನಮ್ಮಲ್ಲಿ ನದಿಯ ಬಗ್ಗೆ ಮಾತಿಗೇನೂ ಕೊರತೆಯಿಲ್ಲ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ಇದೇ ಹೊಳೆಯವನು; ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ಇವತ್ತಿಗೂ ಅವನ ಹೆಸರಿನಲ್ಲಿದೆ. ಹಲವು ವಚನಕಾರರು ಇಷ್ಟದೈವದ ಹೆಸರನ್ನು ಅಂಕಿತ ಮಾಡಿಕೊಂಡರೆ, ಅವನು ಕಸುಬಿನೊಂದಿಗೆ ಕೂಡಿದ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಆದರೂ ನಾವು ಅವನ ಹುಟ್ಟು, ಹರಿಗೋಲುಗಳನ್ನು ಭವಸಾಗರದ ರೂಪಕವಾಗಿ ಓದಿದಷ್ಟು ಕಸುಬಿನ ಸಲಕರಣೆಗಳಾಗಿ ಓದಲಿಲ್ಲ.

ಆ ಕಸುಬಿಗೆ ಎರಡು ದೊಡ್ಡ ಪೆಟ್ಟುಗಳು ಬಿದ್ದವು. ಮೊದಲನೆಯದು ಸೇತುವೆ. ಹರಿಹರದಲ್ಲಿ 1868ರಲ್ಲಿ ಹದಿನಾಲ್ಕು ಕಮಾನುಗಳ ಸೇತುವೆ ಮುಗಿಯಿತು; ಮುಂದೆ ಸೇತುವೆ ಬಂದಲ್ಲೆಲ್ಲ ಕಡವಿನ ಕೆಲಸ ಇಳಿದು, ಮೀನು ಹಿಡಿಯುವುದೇ ಮುಖ್ಯವಾಯಿತು. ಎರಡನೆಯದು ಮಾಲಿನ್ಯ. 1980ರ ದಶಕದಲ್ಲಿ ಕುಮಾರಪಟ್ಟಣದ ಕಾರ್ಖಾನೆ ತ್ಯಾಜ್ಯದ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಹೋರಾಟ ಕಟ್ಟಿದಾಗ, ಮೀನು ಸತ್ತು ಬದುಕು ಕೆಟ್ಟವರ ಪ್ರಶ್ನೆ ಮುಂದೆ ಬಂತು. ಕಾರ್ಖಾನೆ ಒಂದು ಜಿಲ್ಲೆಯಲ್ಲಿ, ಎದುರು ದಂಡೆಯ ಪಟ್ಟಣ ಇನ್ನೊಂದು ಜಿಲ್ಲೆಯಲ್ಲಿ. ನೀರಿಗೆ ಈ ಲೆಕ್ಕ ಗೊತ್ತಿರಲಿಲ್ಲ.

ಇಲ್ಲಿ ಕಡವಿನ ಅರಿವಿನ ಮಿತಿ ಕಾಣುತ್ತದೆ. ವಿಷ ಮೇಲಿನಿಂದ ಕೆಳಕ್ಕೆ, ಹೊಳೆಯ ಉದ್ದಕ್ಕೂ ಹರಿಯುತ್ತದೆ. ಅದನ್ನು ತಿಳಿಯಲು ಉದ್ದಕ್ಕೂ ಹೋಗಲೇಬೇಕು. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹೊರಟ ‘ನಿರ್ಮಲ ತುಂಗಭದ್ರಾ ಅಭಿಯಾನ’ದ ಪಾದಯಾತ್ರೆ ಮೊದಲ ಹಂತದಲ್ಲಿ ಹರಿಹರದವರೆಗೆ ಬಂದದ್ದು ಈ ಕಾರಣಕ್ಕೆ ಮಹತ್ವದ್ದು. ಅಡ್ಡ ದಾಟುವ ನಾಡಿನಲ್ಲಿ ಅದು ಉದ್ದಕ್ಕೆ ನಡೆದ ಪಯಣ.

ಆದರೆ ದಂಡೆಯ ಮೇಲೆ ನಡೆಯುವವರಿಗೆ ಕಾಣುವ ಹೊಳೆಯೇ ಬೇರೆ, ನೀರಿನ ಮೇಲೆ ಕೂತವರಿಗೆ ಕಾಣುವ ಹೊಳೆಯೇ ಬೇರೆ. ಯಾವ ಮಡುವಿನಲ್ಲಿ ಯಾವ ಮೀನು ಇಲ್ಲವಾಯಿತು, ಮರಳು ತೆಗೆದ ಮೇಲೆ ಸುಳಿ ಎಲ್ಲಿಗೆ ಸರಿಯಿತು ಎಂದು ಹೇಳಬಲ್ಲವರು ಹುಟ್ಟು ಹಿಡಿದವರು. ಕೂಡಲಿಯಿಂದ ಕೃಷ್ಣೆಯವರೆಗೆ 531 ಕಿಲೋಮೀಟರು ಹರಿಯುವ ಈ ನದಿಯ ಇತಿಹಾಸವನ್ನು ಒಬ್ಬ ಅಂಬಿಗ ಹೇಳಲಾರ. ಕಡವಿನಿಂದ ಕಡವಿಗೆ ಹೋಗಿ, ಹಿರಿಯರ ಮಾತುಗಳನ್ನು ದಾಖಲಿಸಿ ಜೋಡಿಸಬೇಕಾಗುತ್ತದೆ. ಶಾಸನಗಳು ಕಲ್ಲಿನಲ್ಲಿವೆ, ಇನ್ನಷ್ಟು ಕಾಲ ಕಾಯಬಲ್ಲವು. ಈ ಮಾತುಗಳಿಗೆ ಅಷ್ಟು ಪುರುಸೊತ್ತಿಲ್ಲ.