ಕನ್ನಡ ಮಹಾಪ್ರಬಂಧಗಳ ಮುಕ್ತ ಲಭ್ಯತೆ ಮತ್ತು ಲಿಪಿಸಂಕೇತದ ಪ್ರಶ್ನೆ: ಒಂದು ಚಾರಿತ್ರಿಕ ಅವಲೋಕನ

ವಿಶ್ವವಿದ್ಯಾಲಯಗಳ ಸಂಶೋಧನ ಭಂಡಾರಗಳ ಚರಿತ್ರೆಯನ್ನು ಸಾಮಾನ್ಯವಾಗಿ ಹಕ್ಕು, ವೆಚ್ಚ ಹಾಗೂ ತಂತ್ರಾಂಶಗಳ ಚರಿತ್ರೆಯಾಗಿ ಬರೆಯಲಾಗುತ್ತದೆ. ಕನ್ನಡದ ಮಟ್ಟಿಗೆ ಅದು ಲಿಪಿಸಂಕೇತದ ಚರಿತ್ರೆಯೂ ಹೌದೆಂಬುದು ಈ ಲೇಖನದಲ್ಲಿ ನಮ್ಮ ವಾದ.

1964ರಲ್ಲಿ ಸ್ಥಾಪನೆಗೊಂಡ ಬೆಂಗಳೂರು ವಿಶ್ವವಿದ್ಯಾಲಯವು 1973ರಲ್ಲಿ ನಗರದ ಪಶ್ಚಿಮದ ಅಂಚಿಗೆ, ಕೆಂಗೇರಿಗೆ ಸಮೀಪದ ಜ್ಞಾನಭಾರತಿ ಆವರಣಕ್ಕೆ ಬಂದಿತು. ಅಲ್ಲಿ ಸಲ್ಲಿಕೆಯಾಗಿ ಅಚ್ಚಾಗದೆ ಉಳಿದ ಕನ್ನಡ ಮಹಾಪ್ರಬಂಧವೊಂದನ್ನು ನೋಡಬಯಸುವವರು, ಬೀದರಿನವರಾಗಲಿ ಕಾಸರಗೋಡಿನವರಾಗಲಿ, ಬೆಂಗಳೂರಿಗೇ ಬರಬೇಕಿತ್ತು. ಅಚ್ಚಾದ ಪ್ರಬಂಧಗಳಲ್ಲಿಯೂ ಉಪಭಾಷೆಯ ಪದಪಟ್ಟಿ, ಬಂಧುವಾಚಕಗಳು, ಕಸುಬಿನ ಪದಕೋಶಗಳಂತಹ ಅನುಬಂಧಗಳು ಬಿಟ್ಟುಹೋಗುವುದುಂಟು. ಆದ್ದರಿಂದ ಭಾಷಾವಿಜ್ಞಾನಿಗೆ ಮೂಲ ಪ್ರಬಂಧವೇ ಆಕರ.

2002ರ ಫೆಬ್ರವರಿಯಲ್ಲಿ ಬುಡಾಪೆಸ್ಟ್ ಘೋಷಣೆಯು ಮುಕ್ತ ಲಭ್ಯತೆಗೆ ಸ್ಪಷ್ಟ ವ್ಯಾಖ್ಯೆ ನೀಡಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಸೌತಾಂಪ್ಟನ್ ವಿಶ್ವವಿದ್ಯಾಲಯದ ಇ-ಪ್ರಿಂಟ್ಸ್ ತಂತ್ರಾಂಶದ ನೆರವಿನಿಂದ ದೇಶದ ಮೊದಲ ಸಾಂಸ್ಥಿಕ ಭಂಡಾರವನ್ನು ಆರಂಭಿಸಿತು. ಅಲ್ಲಿನ ಬರಹಗಳು ಇಂಗ್ಲಿಷಿನ ವಿಜ್ಞಾನ ಲೇಖನಗಳಾದುದರಿಂದ ಲಿಪಿಯ ಪ್ರಶ್ನೆ ಉದ್ಭವಿಸಲಿಲ್ಲ. ಆ ಪ್ರಶ್ನೆಯನ್ನು ಎದುರಿಸಿದ್ದು ಮೈಸೂರು. ಶಾಲಿನಿ ಅರಸ್ ಅವರ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾಲಯವು 2000ದಲ್ಲಿ ಕೈಗೆತ್ತಿಕೊಂಡ 'ವಿದ್ಯಾನಿಧಿ' ಯೋಜನೆಯು ಕನ್ನಡ ಪ್ರಬಂಧಗಳ ಸೂಚಿವಿವರಗಳನ್ನು ಯೂನಿಕೋಡ್ ಮೂಲಕ ಕನ್ನಡ ಲಿಪಿಯಲ್ಲಿಯೇ ದಾಖಲಿಸುವ ಮಾರ್ಗವನ್ನು ಹಿಡಿಯಿತು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯು ಪಿಎಚ್.ಡಿ. ಪದವಿ ಘೋಷಣೆಯಾದ 30 ದಿನಗಳೊಳಗೆ ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವಂತೆ ವಿಧಿಸಿತು. ಇನ್‌ಫ್ಲಿಬ್‌ನೆಟ್ ಕೇಂದ್ರದ 'ಶೋಧಗಂಗಾ' ಭಂಡಾರವು ಈ ನಿಯಮದ ಬಲದಿಂದ ಬೆಳೆಯಿತು. ಆದರೆ ಪ್ರತಿಯನ್ನು ಯಾವ ಲಿಪಿಸಂಕೇತದಲ್ಲಿ ಸಿದ್ಧಪಡಿಸಬೇಕೆಂಬ ಬಗ್ಗೆ ನಿಯಮಾವಳಿ ಮೌನವಾಗಿತ್ತು.

ಈ ಮೌನದ ಪರಿಣಾಮ ಸಣ್ಣದಲ್ಲ. 'ನುಡಿ', 'ಬರಹ' ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪ್ರಬಂಧವು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ಅದು ರೋಮನ್ ಅಕ್ಷರ ಹಾಗೂ ಚಿಹ್ನೆಗಳ ಸಾಲು ಮಾತ್ರ. ಅರ್ಕಾವೊತ್ತು ಇದಕ್ಕೆ ಉತ್ತಮ ನಿದರ್ಶನ. 'ಕರ್ನಾಟಕ' ಎಂಬಲ್ಲಿ ರಕಾರವು ಉಚ್ಚಾರಣೆಯಲ್ಲಿ 'ನಾ' ಅಕ್ಷರಕ್ಕಿಂತ ಮೊದಲು ಬರುತ್ತದೆ, ಬರವಣಿಗೆಯಲ್ಲಿ ಅದರ ನಂತರ. ಯೂನಿಕೋಡ್ ಉಚ್ಚಾರಣೆಯ ಕ್ರಮವನ್ನು ಅನುಸರಿಸಿದರೆ, ಹಳೆಯ ಫಾಂಟುಗಳು ಬರವಣಿಗೆಯ ಕ್ರಮವನ್ನು ಅನುಸರಿಸುತ್ತವೆ. ಹೀಗಾಗಿ ಯೂನಿಕೋಡಿನಲ್ಲಿ ಕೊಟ್ಟ ಪದವು ಅಂತಹ ಕಡತದೊಳಗೆ ಸಿಕ್ಕುವುದಿಲ್ಲ. ಪಠ್ಯವನ್ನು ಪರಿವರ್ತಿಸುವಾಗಲೂ ಚಿಹ್ನೆಗಳನ್ನು ಬದಲಾಯಿಸಿದರೆ ಸಾಲದು, ಕ್ರಮವನ್ನೂ ಮರುಜೋಡಿಸಬೇಕು. ಇನ್ನು ಪುಟಗಳ ಛಾಯಾಪ್ರತಿಯಷ್ಟೇ ಇರುವ ಪ್ರಬಂಧಗಳಲ್ಲಿ ಹುಡುಕಲು ಪಠ್ಯವೇ ಇರುವುದಿಲ್ಲ. ಸೂಚಿಯಲ್ಲಿ ಶೀರ್ಷಿಕೆಯನ್ನು ರೋಮನ್ ಲಿಪಿಗೆ ಇಳಿಸಿದಲ್ಲಿ 'ಳ'ಕಾರ–'ಲ'ಕಾರಗಳ, ಹ್ರಸ್ವ–ದೀರ್ಘಗಳ ಭೇದ ಅಳಿಯುವ ಸಾಧ್ಯತೆಯೂ ಉಂಟು.

ಇಂಗ್ಲಿಷ್ ಪ್ರಬಂಧವೊಂದು ಭಂಡಾರ ಸೇರಿದೊಡನೆ ಸಾಮಾನ್ಯವಾಗಿ ಓದುಗನಿಗೂ ಯಂತ್ರಕ್ಕೂ ಏಕಕಾಲದಲ್ಲಿ ಲಭ್ಯವಾಗುತ್ತದೆ. ಕನ್ನಡದಲ್ಲಿ ಇವೆರಡೂ ಬೇರೆ ಬೇರೆ ಘಟ್ಟಗಳು. ಮೊದಲನೆಯದನ್ನು ನಿಯಮವು ಸಾಧಿಸಿದೆ. ಎರಡನೆಯದಕ್ಕೆ ಹಳೆಯ ಕಡತಗಳ ಪರಿವರ್ತನೆ, ಕನ್ನಡ ಲಿಪಿಯ ಸೂಚಿ ಮತ್ತು ಅನುಬಂಧಗಳ ಪ್ರತ್ಯೇಕ ದಾಖಲಾತಿ ಅಗತ್ಯ. ಇದನ್ನು ಗ್ರಂಥಪಾಲಕರಿಗಷ್ಟೇ ವಹಿಸುವುದು ಸಲ್ಲದು. ಲಿಪಿ ಮತ್ತು ಧ್ವನಿಗಳ ಸಂಬಂಧವನ್ನು ಬಲ್ಲ ಭಾಷಾವಿಜ್ಞಾನ ವಿಭಾಗಗಳೂ ಹೊರಬೇಕಾದ ಹೊಣೆಯಿದು. ಅಲ್ಲಿಯವರೆಗೆ, ಹತ್ತಾರು ವರ್ಷಗಳ ಕ್ಷೇತ್ರಕಾರ್ಯದಿಂದ ದೊರೆತ ಪದಗಳು ತೆರೆದ ಭಂಡಾರದಲ್ಲಿದ್ದೂ ಕೈಗೆಟುಕದೆ ಉಳಿಯುತ್ತವೆ.