ಗಾರ್ಮಿನ್ ಮುಳುಗಿತೆಂದು ಬರೆದವರು ಓದದ ಪುಟ

ಮೊಬೈಲ್ ಬಂತು, ಜಿಪಿಎಸ್ ಕಂಪನಿಗಳು ಮುಳುಗಿದವು. ಹೂಡಿಕೆಯ ಪಾಠ ಹೇಳುವವರು ಕೊಡಾಕ್ ಕಥೆಯ ಬೆನ್ನಿಗೇ ಇದನ್ನೂ ಹೇಳಿ ಮುಗಿಸುತ್ತಾರೆ. ಇಪ್ಪತ್ತು ವರ್ಷದಿಂದ ಈ ಕಂಪನಿಗಳ ವಾರ್ಷಿಕ ವರದಿ ಓದುತ್ತ ಬಂದ ನನಗೆ ಇದು ಅರ್ಧ ಓದಿದವರ ಮಾತು.

ಮೊದಲ ಅಧ್ಯಾಯ ಚಿಕ್ಕದು. ಚಾರ್ಲಿ ಟ್ರಿಂಬಲ್ 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಜಿಪಿಎಸ್ ಕಂಪನಿ ಟ್ರಿಂಬಲ್ 1990ರಲ್ಲಿ ಷೇರುಪೇಟೆಗೆ ಬಂತು. ಮರುವರ್ಷದ ಕೊಲ್ಲಿ ಯುದ್ಧದಲ್ಲಿ ಸೇನೆಯೇ ದೊಡ್ಡ ಗಿರಾಕಿ. ಯುದ್ಧ ಮುಗಿದ ಮೇಲೆ ಕೊಳ್ಳುವವರಾರು ಎಂಬುದು ಆಗಿನ ಹೂಡಿಕೆದಾರರ ಚಿಂತೆ. ನಾಗರಿಕರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು, ಚಿಂತೆ ಕರಗಿತು. ಗ್ಯಾರಿ ಬರೆಲ್ ಮತ್ತು ಮಿನ್ ಕಾವ್ 1989ರಲ್ಲಿ ಕಾನ್ಸಸ್‌ನಲ್ಲಿ ಆರಂಭಿಸಿದ್ದ ಗಾರ್ಮಿನ್, 2000ದ ಡಿಸೆಂಬರಿನಲ್ಲಿ ಷೇರಿಗೆ 14 ಡಾಲರಿನಂತೆ ಪೇಟೆಗಿಳಿಯಿತು.

ನಮ್ಮ ತಲೆಮಾರು ಕಣ್ಣು ಬಿಟ್ಟಿದ್ದು 2005ರ ಸುಮಾರಿಗೆ, ಟಾಮ್‌ಟಾಮ್ ಆಮ್‌ಸ್ಟರ್‌ಡ್ಯಾಮ್ ಪೇಟೆಗೆ ಬಂದಾಗ. ಕಾರಿನ ಗಾಜಿಗೆ ಅಂಟಿಸುವ ಪುಟ್ಟ ಪರದೆಯ ಕಾಲ ಅದು. ನಕ್ಷೆಯನ್ನು ಕೊಂಡುಬಿಡಬೇಕೋ, ಬಾಡಿಗೆಗೆ ತಂದರೆ ಸಾಕೋ ಎಂಬುದೇ ದೊಡ್ಡ ಜಗಳ. 2007ರಲ್ಲಿ ನಕ್ಷೆ ಕಂಪನಿ ಟೆಲಿ ಅಟ್ಲಾಸ್‌ಗೆ ಟಾಮ್‌ಟಾಮ್ ಷೇರಿಗೆ 21.25 ಯೂರೋ ಕೂಗಿತು, ಗಾರ್ಮಿನ್ 24.50 ಅಂದಿತು, ಟಾಮ್‌ಟಾಮ್ 30ಕ್ಕೆ ಏರಿತು. ಗಾರ್ಮಿನ್ ಹಿಂದೆ ಸರಿದು, ಟೆಲಿ ಅಟ್ಲಾಸ್‌ನ ಪ್ರತಿಸ್ಪರ್ಧಿ ನಾವ್‌ಟೆಕ್ ಜೊತೆ 2015ರವರೆಗೆ ನಕ್ಷೆಯ ಒಪ್ಪಂದ ಮಾಡಿಕೊಂಡಿತು. ಹೇಡಿತನವೆಂದು ಆಗ ಬರೆದವರಿದ್ದರು. ಒಂದೇ ವರ್ಷದಲ್ಲಿ ಟಾಮ್‌ಟಾಮ್ ಆ ಖರೀದಿಯ ಲೆಕ್ಕದಲ್ಲಿ ನೂರು ಕೋಟಿ ಯೂರೋಗೂ ಹೆಚ್ಚು ಮೊತ್ತವನ್ನು ನಷ್ಟವೆಂದು ಬರೆದುಕೊಂಡಿತು. ಜಿದ್ದಿಗೆ ಬಿದ್ದು ಕೂಗಿದ ಹರಾಜು ಎಲ್ಲ ಊರಿನಲ್ಲೂ ಹೀಗೇ.

2009ರ ಅಕ್ಟೋಬರ್ 28ರಂದು ಗೂಗಲ್ ಫೋನಿನಲ್ಲಿ ಪುಕ್ಕಟೆ ದಾರಿ ತೋರಿಸುವುದಾಗಿ ಸಾರಿತು. ಗಾರ್ಮಿನ್ ಷೇರು ಒಂದೇ ದಿನ ಶೇ. 16ರಷ್ಟು ಕುಸಿಯಿತು, ಟಾಮ್‌ಟಾಮ್‌ನದು ಶೇ. 20ಕ್ಕೂ ಮೀರಿ. ಹೆದರಿದವರದು ತಪ್ಪಲ್ಲ, 2008ರಲ್ಲಿ ಗಾರ್ಮಿನ್ ಆದಾಯದ ಶೇ. 70ಕ್ಕೂ ಹೆಚ್ಚು ಪಾಲು ಬಂದಿದ್ದು ಕಾರಿನಿಂದಲೇ. ಅದೇ ಕಂಪನಿ ತಾನೂ ಒಂದು ಫೋನ್ ತಯಾರಿಸಲು ಹೋಗಿ ಕೈಸುಟ್ಟುಕೊಂಡಿತ್ತು ಬೇರೆ.

ಆದರೆ ವರದಿಯ ಹಿಂಬದಿಯಲ್ಲಿ ವಿಭಾಗವಾರು ಲೆಕ್ಕದ ಪುಟವೊಂದಿರುತ್ತದೆ. ಅದನ್ನು ತೆರೆದವರು ನಾವು ಕೆಲವರೇ. ವಿಮಾನ ವಿಭಾಗ ಆದಾಯದ ಹತ್ತನೇ ಒಂದು ಪಾಲೂ ಇರಲಿಲ್ಲ, ಆದರೆ ರೂಪಾಯಿಗೆ ಉಳಿಯುವ ಲಾಭ ದೊಡ್ಡದು. ಕಾಕ್‌ಪಿಟ್ಟಿಗೆ ಕೂರಿಸುವ ಯಂತ್ರಕ್ಕೆ ವಿಮಾನಯಾನ ಪ್ರಾಧಿಕಾರದ ಪ್ರಮಾಣಪತ್ರ ಬೇಕು. ಒಮ್ಮೆ ಕೂತರೆ ವರ್ಷಗಟ್ಟಲೆ ಅದು ಅಲ್ಲೇ. ಪುಕ್ಕಟೆ ಆ್ಯಪ್ ಅಲ್ಲಿಗೆ ನುಗ್ಗಲಾರದು. ದೋಣಿಯ ಕಥೆಯೂ ಹೆಚ್ಚು ಕಡಿಮೆ ಇದೇ. ನಮ್ಮ ಗುಂಪೂ ಎಲ್ಲ ಕಂಡಿತ್ತೆಂದು ಹೇಳಲಾರೆ: ಓಟಗಾರರ ಕೈಗಡಿಯಾರ 2003ರಿಂದಲೇ ಮಾರಾಟದಲ್ಲಿತ್ತು, ಅದನ್ನು ಆಟಿಕೆ ಎಂದುಕೊಂಡವರಲ್ಲಿ ನಾನೂ ಒಬ್ಬ. 2024ರಲ್ಲಿ ಗಾರ್ಮಿನ್ ಆದಾಯ 630 ಕೋಟಿ ಡಾಲರ್. ಅರ್ಧಕ್ಕಿಂತ ಹೆಚ್ಚು ಬಂದಿದ್ದು ವ್ಯಾಯಾಮ ಮತ್ತು ಹೊರಾಂಗಣ ವಿಭಾಗಗಳಿಂದ, ಕಾರಿನದು ಹತ್ತನೇ ಒಂದು ಪಾಲು. ಆದರೂ 2007ರ ಷೇರು ಬೆಲೆಯ ಎತ್ತರ ಮತ್ತೆ ಮುಟ್ಟಲು ಒಂದು ದಶಕಕ್ಕೂ ಮೀರಿ ಹಿಡಿಯಿತು. ಪುಟ ಓದಿದರಷ್ಟೇ ಸಾಲುತ್ತಿರಲಿಲ್ಲ, ಕಾಯಬೇಕಿತ್ತು.

ಇಷ್ಟೆಲ್ಲ ಬರವಣಿಗೆಯಲ್ಲಿ ಹೆಚ್ಚು ಕಾಣದ ವಿಷಯ ಒಂದಿದೆ. ಈ ಉದ್ಯಮದ ಕಚ್ಚಾಮಾಲು ಆಕಾಶದಿಂದ ಪುಕ್ಕಟೆ ಬರುತ್ತದೆ, ಒಡೆಯ ಸರ್ಕಾರ. ಜಿಪಿಎಸ್ ಸಂಕೇತಕ್ಕೆ ಅಡಚಣೆಯಾಗಿ ಫಿನ್‌ಏರ್ 2024ರಲ್ಲಿ ಎಸ್ಟೋನಿಯಾದ ಟಾರ್ಟುವಿಗೆ ಒಂದು ತಿಂಗಳು ಹಾರಾಟ ನಿಲ್ಲಿಸಿತು. ಕಂಪನಿಗಳ ಬೆಲೆ ಕಟ್ಟುವವರು ಈ ಅಪಾಯಕ್ಕೆ ಎಷ್ಟು ಅಂಕ ಕೊಡುತ್ತಾರೆ?

ನಮ್ಮಲ್ಲಂತೂ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಜಿಪಿಎಸ್‌ನಂತೆ ದಾರಿ ತೋರುವ ನಮ್ಮದೇ ನಾವಿಕ್ ಉಪಗ್ರಹಗಳನ್ನು ರೂಪಿಸುವ ಇಸ್ರೋ ಬೆಂಗಳೂರಿನದು, ರಿಸೀವರ್ ತಯಾರಿಸುವವರೂ ಇಲ್ಲೇ ಇದ್ದಾರೆ. ಕನ್ನಡದ ವಾಣಿಜ್ಯ ಪುಟಗಳು ಉಡಾವಣೆಯ ಚಿತ್ರ ಹಾಕಿ ಸುಮ್ಮನಾಗುತ್ತವೆ. ಅವು ಬರೆಯದ್ದು ಇದು: ಗಡಿಯಾರ, ಅಗ್ಗದ ಫೋನುಗಳ ಚಿಪ್ ಸಾಮಾನ್ಯವಾಗಿ ಕೇಳಿಸಿಕೊಳ್ಳುವುದು ಎಲ್1 ತರಂಗಾಂತರವನ್ನು. ಮೊದಲ ಸರಣಿಯ ನಾವಿಕ್ ಉಪಗ್ರಹಗಳಲ್ಲಿ ಅದು ಇರಲೇ ಇಲ್ಲ. ಎಲ್1 ಇರುವ ಮೊದಲ ನಾವಿಕ್ ಉಪಗ್ರಹ ಹಾರಿದ್ದು 2023ರ ಮೇ 29ರಂದು. ಎರಡನೆಯದು 2025ರ ಜನವರಿಯಲ್ಲಿ ಹಾರಿತು, ನಿಗದಿತ ಕಕ್ಷೆ ಸೇರಲಿಲ್ಲ.