ಪುಲಿಗೆರೆಯ ಕಂಬವೂ ನಮ್ಮ ಬಡಾವಣೆಗಳೂ

ಗದಗಿನಿಂದ ಶಿರಹಟ್ಟಿಯ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತವರಿಗೆ ಇತ್ತಿತ್ತಲಾಗಿ ಒಂದು ಹೊಸ ಬೆಳೆ ಕಣ್ಣಿಗೆ ಬೀಳುತ್ತದೆ. ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಯ ಹೊಲಗಳಲ್ಲಿ ಸುಣ್ಣ ಬಳಿದ ಗಡಿಗಲ್ಲುಗಳು ಸಾಲುಹಿಡಿದು ನಿಂತಿರುತ್ತವೆ. ರಸ್ತೆಯ ಅಂಚಿಗೊಂದು ಕಮಾನು, ಅದರ ಮೇಲೆ ದೇವರದೊಂದು ಹೆಸರು, ಹೆಸರಿನ ಮುಂದೆ ‘ನಗರ’. ಕಲ್ಲು ನೆಟ್ಟ ಮಾತ್ರಕ್ಕೆ ನಗರವಾದೀತೆ?

ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಅಲ್ಲಿಯ ತಿರುಳ್ಗನ್ನಡದ ಮಾತನ್ನು ನಾವು ಕನ್ನಡ ಕಲಿಸುವವರು ವರ್ಷಕ್ಕೊಮ್ಮೆ ತರಗತಿಯಲ್ಲಿ ಆಡಿ ಮುಂದೆ ಸಾಗುತ್ತೇವೆ. ಅದೇ ಊರಿನ ಒಂದು ಕಂಬದ ಶಾಸನವನ್ನು ಮಾತ್ರ ಯಾರೂ ಎತ್ತುವುದಿಲ್ಲ. ಕ್ರಿ.ಶ. 725ರ ಸುಮಾರಿಗೆ, ತಂದೆ ವಿಜಯಾದಿತ್ಯ ಇನ್ನೂ ಆಳುತ್ತಿದ್ದಾಗ, ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಈ ಊರಿನ ಮಹಾಜನರಿಗೆ, ನಗರಕ್ಕೆ, ಹದಿನೆಂಟು ಪ್ರಕೃತಿಗಳಿಗೆ ಒಂದು ‘ಆಚಾರವ್ಯವಸ್ಥೆ’ಯನ್ನು ಕೊಟ್ಟನು. ಇಲ್ಲಿ ನಗರವೆಂದರೆ ಕಟ್ಟಡಗಳ ಗುಂಪಲ್ಲ, ವರ್ತಕರ ಸಂಘ.

ಈ ವ್ಯವಸ್ಥೆ ಮೊದಲು ಕಟ್ಟಿಹಾಕುವುದು ಅರಸನ ಅಧಿಕಾರಿಗಳನ್ನೇ. ಒಕ್ಕಲಿಲ್ಲದೆ ಬರಿದಾಗಿರುವ ಮನೆಗಳನ್ನು ಅವರು ಕಾಯಬೇಕು. ಅರಸನ ದತ್ತಿಯನ್ನೂ ತಾಮ್ರಶಾಸನವನ್ನೂ ಬಹುಕಾಲದಿಂದ ಅನುಭವಿಸುತ್ತ ಬಂದ ಭೂಮಿಯನ್ನೂ ಕಾಯಬೇಕು. ಅದಾದ ಮೇಲೆ ಮನೆಯವರ ಪಾಳಿ. ತೆರಿಗೆ ಎಲ್ಲರಿಗೂ ಒಂದೇ ಅಲ್ಲ, ಶಕ್ತಿಯಿದ್ದಂತೆ. ಮೇಲಿನ ತರದ ಮನೆಗೆ ಹತ್ತು ಪಣ, ನಡುತರಕ್ಕೆ ಏಳು, ಅದಕ್ಕೂ ಕೆಳಗೆ ಐದು, ತೀರ ಸಣ್ಣವರಿಗೆ ಮೂರು. ಕಳವು ಮೊದಲಾದ ಅಪರಾಧಗಳ ದಂಡವೂ ಮಕ್ಕಳಿಲ್ಲದವರ ಸ್ವತ್ತೂ ಊರಿನ ಶ್ರೇಣಿಗೇ ಸಲ್ಲಬೇಕು. ಊರಿನ ಹಣ ಊರಲ್ಲಿಯೇ ಉಳಿಯಲೆಂದು ಇರಬಹುದೆ? ನನಗಂತೂ ಹಾಗೆ ತೋರುತ್ತದೆ. ಹದಿನೆಂಟರ ಲೆಕ್ಕಕ್ಕೆ ಸೇರದವರ ಗುಡಿಸಲುಗಳ ಗತಿ ಏನೆಂಬುದನ್ನು ಮಾತ್ರ ಕಂಬ ಹೇಳುವುದಿಲ್ಲ. ಆ ಮೌನವನ್ನೂ ಓದಿಕೊಳ್ಳಬೇಕು.

ನಮ್ಮ ಸೀಮೆಯಲ್ಲಿ ದಾನಿಗಳಿಗೇನೂ ಬರವಿರಲಿಲ್ಲ. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದಳು. ಮುಂಡರಗಿ ತಾಲೂಕಿನ ಡಂಬಳದಲ್ಲಿ ಹದಿನಾರು ಸೆಟ್ಟಿಗಳು ಬುದ್ಧವಿಹಾರ ಕಟ್ಟಿಸಿದ್ದನ್ನು 1095ರ ಶಾಸನ ಹೇಳುತ್ತದೆ. ಆದರೆ ದಾನ ಕೊಡುವವನ ಮನಸ್ಸಿಗೆ ಬಿಟ್ಟದ್ದು. ಪುಲಿಗೆರೆಯ ಕಂಬದ ಮಾತು ದಾನವಲ್ಲ, ಬಾಕಿ. ಮನೆಯೊಂದು ಊರಿಗೆ ಕೊಡಬೇಕಾದ ಬಾಕಿ, ಊರನ್ನಾಳುವವರು ಮನೆಗೆ ಕೊಡಬೇಕಾದ ಬಾಕಿ.

ಈ ಭೇದವನ್ನು ಇಂದಿನ ಬಡಾವಣೆಯ ಒಡೆಯರು ಮರೆತಿದ್ದಾರೆ, ಅಥವಾ ಮರೆತವರಂತೆ ಇದ್ದಾರೆ. ನಾನು ಬೆಟಗೇರಿಯ ಅಂಚಿಗೆ ಒಂದು ನಿವೇಶನ ಕೊಂಡೆ. ಮಾರಿದವರು ತೋರಿಸಿದ ನಕ್ಷೆಯಲ್ಲಿ ಹಸಿರು ಬಣ್ಣದ ಉದ್ಯಾನವೊಂದಿತ್ತು. ಈಗ ಆ ಮೂಲೆಯಲ್ಲಿ ಚಿಕ್ಕದೊಂದು ಗುಡಿಯಿದೆ, ಅದರ ಬೆನ್ನಿಗೆ ಮತ್ತೆ ನಾಲ್ಕು ಗಡಿಗಲ್ಲುಗಳಿವೆ. ಗುಡಿಯ ವಾರ್ಷಿಕೋತ್ಸವಕ್ಕೆ ಅವರದೇ ಅನ್ನಸಂತರ್ಪಣೆ, ಊಟಕ್ಕೆ ನಾನೂ ಹೋಗಿದ್ದೆ, ಸುಳ್ಳೇಕೆ? ಗಟಾರ ಮಾತ್ರ ನಮ್ಮ ಕೊನೆಯ ನಿವೇಶನಕ್ಕೆ ನಿಂತುಬಿಟ್ಟಿದೆ. ಮಳೆ ಬಂದರೆ ನೀರೆಲ್ಲ ಪಕ್ಕದ ನೇಕಾರರ ಓಣಿಗೆ ಇಳಿಯುತ್ತದೆ. ಅವರು ನಮ್ಮಿಂದ ಒಂದಡಿ ಜಾಗವನ್ನೂ ಕೊಂಡವರಲ್ಲ.

ಕಾಯಿದೆ ಇಲ್ಲವೆಂದಲ್ಲ. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ 1961ರದು. 2016ರ ‘ರೇರಾ’ ಕಾಯಿದೆಯ ಪ್ರಕಾರ 500 ಚದರ ಮೀಟರಿಗಿಂತ ದೊಡ್ಡ ಬಡಾವಣೆಯನ್ನು ನೋಂದಾಯಿಸದೆ ಮಾರಕೂಡದು, ಒಪ್ಪಿಗೆ ಪಡೆದ ನಕ್ಷೆಯನ್ನು ಕೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಜನರ ಲಿಖಿತ ಸಮ್ಮತಿಯಿಲ್ಲದೆ ಬದಲಿಸಕೂಡದು. ಇದೂ ಒಂದು ಆಚಾರವ್ಯವಸ್ಥೆಯೇ. ಆದರೆ ಪುಲಿಗೆರೆಯಲ್ಲಿ ಅದನ್ನು ಕಂಬಕ್ಕೆ ಕೆತ್ತಿದ್ದರು, ಓದು ಬಲ್ಲವನು ಓದಬಹುದಿತ್ತು. ನಮ್ಮದು ಕಡತದಲ್ಲಿದೆ. ಓಣಿಯ ನೇಕಾರನಿಗಂತೂ ಆ ಸಮ್ಮತಿಯಲ್ಲಿ ಪಾಲೇ ಇಲ್ಲ.

ನಕ್ಷೆಯ ಪ್ರತಿ ಬೇಕೆಂದು ನಾವು ಹನ್ನೊಂದು ಜನ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಉಳಿದವರು, ಗುಡಿಯ ಜಾತ್ರೆಯೊಂದು ಮುಗಿಯಲಿ, ಆಮೇಲೆ ನೋಡೋಣ ಎನ್ನುತ್ತಿದ್ದಾರೆ.